ಜನವರಿಯಲ್ಲಿ ಪಟ್ಟಿ ಬರುತ್ತದಂತೆ, ನಮ್ಮ ತೈಲ ಕಂಪನಿಯವರು ಯಾರಾದರೂ ಇದ್ದೀರಾ?

ಕೇಟಿ_ನಿವಾಸಿ
ಎಲ್ಲರಿಗೂ ನಮಸ್ಕಾರ. ಕಂಪನಿ ಹೆಸರು ಬರೆಯುವುದಿಲ್ಲ, ದಯವಿಟ್ಟು ನೀವೂ ಬರೆಯಬೇಡಿ. ದೊಡ್ಡ ತೈಲ ಕಂಪನಿ. ಹ್ಯೂಸ್ಟನ್‌ನಲ್ಲಿ ಆಫೀಸು, ಬೆಂಗಳೂರಿನಲ್ಲಿ ಒಂದು ಸೆಂಟರ್. ಇದ್ದವರಿಗೆ ಗೊತ್ತಾಗುತ್ತದೆ.

ಆಗಸ್ಟ್‌ನಿಂದ ರೀಆರ್ಗ್ ರೀಆರ್ಗ್ ಅನ್ನುತ್ತಿದ್ದಾರೆ, ಅಂದರೆ ಹುದ್ದೆಗಳನ್ನು ಮತ್ತೆ ಜೋಡಿಸಿ ಜನ ಕಡಿಮೆ ಮಾಡುವುದು. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಅನ್ನುವ ಪಟ್ಟಿಯಲ್ಲಿ ಮೊದಲು ಮೇಲಿನವರ ಹೆಸರು ಬಂತು. ಆಮೇಲೆ ಅವರ ಕೆಳಗಿನವರದ್ದು. ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿದೆ. ನಮ್ಮ ಮೆಟ್ಟಿಲಿಗೆ ಅಕ್ಟೋಬರ್ ಅಂದರು. ಆಮೇಲೆ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಒಳಗೆ ಅಂದರು. ಈಗ ಜನವರಿ ಅನ್ನುತ್ತಿದ್ದಾರೆ. 13 ವರ್ಷದಿಂದ ಮಾಡುತ್ತಿರುವ ಕೆಲಸಕ್ಕೆ ನಾನೇ ಮತ್ತೆ ಅರ್ಜಿ ಹಾಕಿ ಕೂತಿದ್ದೇನೆ. ಟೀಮ್‌ನಲ್ಲಿ 11 ಜನ ಇದ್ದೇವೆ. ಹೊಸ ಚಾರ್ಟ್‌ನಲ್ಲಿ ಇರುವುದು 7 ಜಾಗ.

ಇದರ ನಡುವೆ ಬೆಂಗಳೂರಿನ ಟೀಮ್‌ಗೆ ವಾರಕ್ಕೆ ಮೂರು ದಿನ ಕೆಟಿ (ನಾಲೆಡ್ಜ್ ಟ್ರಾನ್ಸ್‌ಫರ್, ನನ್ನ ಕೆಲಸ ಕಲಿಸಿಕೊಡುವುದು) ಕೊಡುತ್ತಿದ್ದೇನೆ. ನಮ್ಮ ಬಾವಿಗಳ ಲೆಕ್ಕ ಹೇಗೆ ಹಾಕುವುದು, ಯಾವ ಮೀಟರ್ ನಂಬಬಾರದು, ಎಲ್ಲ. ಆ ಕಡೆ ಕೂತು ಬರೆದುಕೊಳ್ಳುವ ಹುಡುಗ ದಾವಣಗೆರೆಯವನು. ಕಾಲ್ ಮುಗಿಸುವಾಗ "ತಿಂಡಿ ಆಯ್ತಾ ಸರ್" ಅಂತ ಕೇಳುತ್ತಾನೆ. ಅವನ ಮೇಲೆ ಸಿಟ್ಟು ಬರುತ್ತದೆ. ಯಾಕೆ ಬರಬೇಕು ಅಂತಲೂ ಅನ್ನಿಸುತ್ತದೆ.

ಎಚ್-1ಬಿ ಕೆಲಸದ ವೀಸಾ ಮೇಲಿದ್ದೇನೆ. ಗ್ರೀನ್ ಕಾರ್ಡ್‌ಗೆ ಕಂಪನಿ ಹಾಕುವ ಐ-140 ಅರ್ಜಿ ಒಪ್ಪಿಗೆ ಆಗಿ ವರ್ಷಗಳಾದವು, ಸಾಲಿನಲ್ಲಿ ನನ್ನ ಜಾಗ ಹೇಳುವ ಪ್ರಯಾರಿಟಿ ಡೇಟ್ 2015. ಮಗಳು ಹತ್ತನೇ ಕ್ಲಾಸ್. ಅತ್ತೆ ಮಾವ ಫೆಬ್ರವರಿಗೆ ಟಿಕೆಟ್ ಮಾಡಿಸಿದ್ದಾರೆ. ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿಲ್ಲ.

ಜನವರಿ ಅನ್ನುವುದು ನಿಜವಾ? ಬೇರೆ ಡಿಪಾರ್ಟ್‌ಮೆಂಟ್‌ನವರಿಗೆ ಏನಾದರೂ ಗೊತ್ತಾ?

ಮೆಮೋರಿಯಲ್_ಮೂರ್ತಿ
ನಾನೂ ಜನವರಿ ಅಂತಲೇ ಕೇಳಿದೆ. ನಮ್ಮ ಫ್ಲೋರ್‌ನ ಸಣ್ಣ ಮೀಟಿಂಗ್ ರೂಮ್‌ಗಳೆಲ್ಲ ಎರಡನೇ ವಾರಕ್ಕೆ ಎಚ್‌ಆರ್ ಹೆಸರಿನಲ್ಲಿ ಬುಕ್ ಆಗಿವೆ.

ಲೆಕ್ಕದ_ಮೇಷ್ಟ್ರು
ಮೀಟಿಂಗ್ ರೂಮ್ ನೋಡಿ ಭವಿಷ್ಯ ಹೇಳಬೇಡಿ. ವರ್ಷದ ರಿವ್ಯೂ ಕೂಡ ಆಗಲೇ ನಡೆಯುತ್ತದೆ.

ಮೆಮೋರಿಯಲ್_ಮೂರ್ತಿ
ರಿವ್ಯೂಗೆ ಮ್ಯಾನೇಜರ್ ರೂಮ್ ಹಿಡಿಯುತ್ತಾರೆ ಮೇಷ್ಟ್ರೇ. 16 ವರ್ಷದಲ್ಲಿ ಎಚ್‌ಆರ್ ಹಿಡಿದದ್ದು ನಾನು ನೋಡಿಲ್ಲ.

ತುಂಗಾತೀರ
ನಮಗೆ ಫೆಬ್ರವರಿ ಅಂದಿದ್ದಾರೆ. ಬೋನಸ್ ಕೊಟ್ಟ ಮೇಲೆ.

ಗುಬ್ಬಿಗೂಡು
ಬೋನಸ್‌ಗೆ ಮೊದಲೇ ಕಳಿಸಿದರೆ ಅಷ್ಟು ದುಡ್ಡು ಉಳಿಯಿತಲ್ಲ? ಅದಕ್ಕೇ ಜನವರಿ ಇರಬೇಕು.

ಲೆಕ್ಕದ_ಮೇಷ್ಟ್ರು
ಗಾಳಿಸುದ್ದಿ ಬಿಟ್ಟು ಪೇಪರ್‌ನಲ್ಲಿ ಬಂದದ್ದನ್ನು ನೋಡೋಣ. 2025ರ ಜನವರಿಯಲ್ಲಿ ಬಿಪಿ ತನ್ನ 4,700 ಜನರನ್ನು, ಜೊತೆಗೆ 3,000 ಕಾಂಟ್ರಾಕ್ಟರ್‌ಗಳನ್ನು ತೆಗೆಯುತ್ತೇವೆ ಅಂದಿತು. ಫೆಬ್ರವರಿಯಲ್ಲಿ ಷೆವ್ರಾನ್, 2026 ಮುಗಿಯುವುದರೊಳಗೆ ಶೇ 15ರಿಂದ 20ರಷ್ಟು ಜನ ಅಂದಿತು. ಸೆಪ್ಟೆಂಬರ್‌ನಲ್ಲಿ ಕೊನೊಕೊಫಿಲಿಪ್ಸ್ ಶೇ 20ರಿಂದ 25. ಅಲ್ಲಿ ಇದ್ದವರೇ ಸುಮಾರು 13,000. ಅದೇ ತಿಂಗಳ ಕೊನೆಗೆ ಎಕ್ಸಾನ್‌ಮೊಬಿಲ್ 2,000. ಅಂದರೆ ಇದು ನಿಮ್ಮ ಮ್ಯಾನೇಜರ್‌ಗೆ ನಿಮ್ಮ ಮೇಲೆ ಇರುವ ಅಭಿಪ್ರಾಯದ ಪ್ರಶ್ನೆ ಅಲ್ಲ. ಇಡೀ ಉದ್ಯಮವೇ ಜನ ಕಡಿಮೆ ಮಾಡುತ್ತಿದೆ. ಒಬ್ಬರು ಮಾಡಿದರೆ ಷೇರುದಾರರು ಪಕ್ಕದವರನ್ನು "ನೀವು ಯಾವಾಗ" ಅಂತ ಕೇಳುತ್ತಾರೆ.

ಗುಬ್ಬಿಗೂಡು
ಎಲ್ಲರಿಗೂ ಲಾಭ ಬರುತ್ತಿದೆಯಲ್ಲ ಮೇಷ್ಟ್ರೇ. ನಷ್ಟ ಆಗಿದ್ದರೆ ಒಪ್ಪಬಹುದಿತ್ತು. ಷೇರು ವಾಪಸ್ ಕೊಳ್ಳಲು ದುಡ್ಡಿದೆ, ನಮಗೆ ಸಂಬಳ ಕೊಡಲು ಇಲ್ಲವಾ?

ಲೆಕ್ಕದ_ಮೇಷ್ಟ್ರು
ನಾನು ಅದು ಸರಿ ಅಂದಿಲ್ಲ. ಅವರು ಹೇಳುವ ಕಾರಣ ಹೇಳುತ್ತಿದ್ದೇನೆ. ಕೊನೊಕೊ ಹೇಳಿದ್ದು ಏನು? ತಮ್ಮ ಹಿಡಿತದಲ್ಲಿರುವ ಖರ್ಚು 2021ರಲ್ಲಿ ಬ್ಯಾರೆಲ್‌ಗೆ 11 ಡಾಲರ್ ಇತ್ತು, 2024ಕ್ಕೆ 13 ಆಯಿತು ಅಂತ. ಇನ್ನೊಂದು, ಕಂಪನಿಗಳು ಒಂದನ್ನೊಂದು ಕೊಂಡುಕೊಂಡವು. ಎಕ್ಸಾನ್ ಪಯೋನಿಯರ್ ತೆಗೆದುಕೊಂಡಿತು. ಕೊನೊಕೊ ಮ್ಯಾರಥಾನ್ ಆಯಿಲ್ ತೆಗೆದುಕೊಂಡಿತು. ಷೆವ್ರಾನ್ ಹೆಸ್ ತೆಗೆದುಕೊಂಡಿತು. ಎರಡು ಮನೆ ಸೇರಿದಾಗ ಎರಡು ಅಡುಗೆಮನೆ ಯಾಕೆ ಅನ್ನುತ್ತಾರೆ. ಅಕೌಂಟ್ಸ್, ಐಟಿ, ಭೂವಿಜ್ಞಾನ, ಎಲ್ಲ ಕಡೆ ಒಂದೇ ಕುರ್ಚಿಗೆ ಇಬ್ಬರು.

ನಿವೃತ್ತ_ಭೂವಿಜ್ಞಾನಿ
ಮಕ್ಕಳೇ, ನನಗೆ ಈಗ 71. ಇದೇ ಉದ್ಯಮದಲ್ಲಿ ಬದುಕು ಕಳೆದೆ. 1986ರಲ್ಲಿ ಬ್ಯಾರೆಲ್ 10 ಡಾಲರ್ ಹತ್ತಿರ ಬಂದಾಗ ನಾನು ಸೇರಿ ಐದು ವರ್ಷ ಆಗಿತ್ತು. ಹ್ಯೂಸ್ಟನ್‌ನಲ್ಲಿ ಜನ ಮನೆ ಕೀಲಿಯನ್ನು ಬ್ಯಾಂಕಿಗೆ ಕೊಟ್ಟು ಹೋದರು. 2014ರ ಮಧ್ಯದಲ್ಲಿ 100 ದಾಟಿ ಇದ್ದದ್ದು 2016ರ ಆರಂಭಕ್ಕೆ 30ರ ಕೆಳಗೆ ಬಂತು. ಆಗ ನನ್ನ ಕೈಕೆಳಗಿನ ಆರು ಜನರಿಗೆ ನಾನೇ ಸುದ್ದಿ ಹೇಳಬೇಕಾಯಿತು. 2020ರ ಏಪ್ರಿಲ್ 20ರಂದು ಅಮೆರಿಕದ ತೈಲದ ವಾಯಿದೆ ಬೆಲೆ ಸೊನ್ನೆಗಿಂತ 37 ಡಾಲರ್ ಕೆಳಗೆ ಹೋಗಿದ್ದನ್ನು ನೀವೂ ನೋಡಿದ್ದೀರಿ.

ಆದರೆ ಒಂದು ವ್ಯತ್ಯಾಸ ಹೇಳುತ್ತೇನೆ. ಆಗೆಲ್ಲ ಬೆಲೆ ಬಿದ್ದಾಗ ತೆಗೆಯುತ್ತಿದ್ದರು, ಎದ್ದಾಗ ಕರೆಯುತ್ತಿದ್ದರು. ನನ್ನನ್ನೇ ಒಮ್ಮೆ ಕಳಿಸಿ 14 ತಿಂಗಳಿಗೆ ವಾಪಸ್ ಕರೆದರು. ಈಗ, 2025ರ ಕೊನೆಗೆ, ಬೆಲೆ 60ರ ಆಸುಪಾಸಿನಲ್ಲಿದೆ, ಅಂಥ ಕುಸಿತ ಏನಿಲ್ಲ. ಆದರೂ ತೆಗೆಯುತ್ತಿದ್ದಾರೆ. ಈ ಸಲ ಹೋದ ಕುರ್ಚಿ ಅದೇ ಊರಿಗೆ ವಾಪಸ್ ಬರುವುದು ಕಷ್ಟ. ಇದನ್ನು ಹೇಳಲು ನನಗೆ ಸಂಕಟ ಆಗುತ್ತದೆ, ಆದರೆ ಸುಳ್ಳು ಧೈರ್ಯ ಹೇಳಲಾರೆ.

ರಿಗ್_ರಾಯರು
ವಾಪಸ್ ಬರುವುದಿಲ್ಲ ಅಂದರೆ ಎಲ್ಲಿಗೆ ಹೋಗುತ್ತದೆ ಅಂತಲೂ ಹೇಳಿ ಸರ್. ಬೆಂಗಳೂರಿಗೆ! ಷೆವ್ರಾನ್ 2024ರಲ್ಲೇ ಬೆಂಗಳೂರಿನಲ್ಲಿ 100 ಕೋಟಿ ಡಾಲರ್ ಹಾಕುತ್ತೇವೆ ಅಂತ ಘೋಷಿಸಿತು. ಉಳಿದವರದ್ದೂ ಅಲ್ಲಿ ಸೆಂಟರ್‌ಗಳಿವೆ. ಇಲ್ಲಿ ಒಬ್ಬರ ಸಂಬಳದಲ್ಲಿ ಅಲ್ಲಿ ನಾಲ್ವರು. ನಾವು ಕಲಿಸಿಕೊಟ್ಟು ಮನೆಗೆ ಹೋಗಬೇಕು. ಕೆಟಿ ಕೊಡಬೇಡಿ ಕೇಟಿ ಸರ್. ಅರ್ಧ ಹೇಳಿ, ಅರ್ಧ ಇಟ್ಟುಕೊಳ್ಳಿ.

ಯಲಹಂಕ_ಹುಡುಗಿ
ರಾಯರೇ, ನಾನು ಆ "ನಾಲ್ವರಲ್ಲಿ" ಒಬ್ಬಳು. ನಿಮ್ಮ ಕೆಲಸವನ್ನು ನಾನು ಕದ್ದಿಲ್ಲ. ಎಂಟೆಕ್ ಮುಗಿಸಿ, ಇಂಟರ್‌ವ್ಯೂ ಕೊಟ್ಟು ಸೇರಿದೆ. ಯಾರ ಕುರ್ಚಿ ಅಂತ ನನಗೆ ಯಾರೂ ಹೇಳಲಿಲ್ಲ. ಮೂರನೇ ವಾರದ ಕಾಲ್‌ನಲ್ಲಿ ಆ ಕಡೆಯವರ ದನಿ ಕೇಳಿ ಗೊತ್ತಾಯಿತು.

ನಮ್ಮ ಕಥೆಯೂ ಕೇಳಿ. ನಿಮ್ಮ ಬೆಳಗ್ಗೆ 8 ಅಂದರೆ ಈ ಚಳಿಗಾಲದಲ್ಲಿ ನಮಗೆ ರಾತ್ರಿ 7:30. ಕಾಲ್ ಮುಗಿಯುವಾಗ ಹತ್ತು ಗಂಟೆ. ಕ್ಯಾಬ್ ಹಿಡಿದು ಮನೆ ಸೇರುವಾಗ ಅಪ್ಪ ಗೇಟಿನ ಹತ್ತಿರ ನಿಂತಿರುತ್ತಾರೆ. ನಮ್ಮ ಸಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ವೆಂಡರ್ ಪೇರೋಲ್, ಅಂದರೆ ಅವರಿಗೆ ಸಂಬಳ ಕೊಡುವುದು ಹೊರಗಿನ ಏಜೆನ್ಸಿ. ಕಳೆದ ತಿಂಗಳು ಒಂದು ಸೋಮವಾರ ಬೆಳಗ್ಗೆ ಒಂಬತ್ತು ಜನರ ಬ್ಯಾಡ್ಜ್ ಗೇಟಿನಲ್ಲಿ ಕೆಲಸ ಮಾಡಲಿಲ್ಲ. ಅವರಿಗೆ ಮೇಲ್ ಬಂದದ್ದು ಮಧ್ಯಾಹ್ನ. ಸೆವರೆನ್ಸ್ (ಕೆಲಸ ಬಿಡಿಸುವಾಗ ಕೊಡುವ ಹಣ) ಇಲ್ಲ, ಕೇಕ್ ಇಲ್ಲ, ಏನಿಲ್ಲ. ಡ್ರಾಯರ್‌ನಲ್ಲಿದ್ದ ಟಿಫನ್ ಬಾಕ್ಸ್ ಅನ್ನು ಸೆಕ್ಯೂರಿಟಿಯವರು ತಂದು ಕೊಟ್ಟರು.

ರಿಗ್_ರಾಯರು
ತಂಗಿ, ನಿನ್ನ ಮೇಲೆ ಸಿಟ್ಟಲ್ಲ. ಆದರೆ 22 ವರ್ಷ ಸಮುದ್ರದ ಮೇಲೆ, ಮರುಭೂಮಿಯಲ್ಲಿ ನಿಂತು ಕಲಿತದ್ದನ್ನು ಆರು ವಾರದ ಕಾಲ್‌ನಲ್ಲಿ ಸುರಿದು ಹೋಗಿ ಅಂದರೆ ಹೊಟ್ಟೆ ಉರಿಯುವುದಿಲ್ಲವಾ?

ಯಲಹಂಕ_ಹುಡುಗಿ
ಉರಿಯುತ್ತದೆ ಸರ್. ನನ್ನಪ್ಪನಿಗೂ ಹಾಗೇ ಆಗಿತ್ತು. ಪೀಣ್ಯದಲ್ಲಿ ಲೇತ್ ಮೇಲೆ ಇದ್ದವರು. ಹೊಸ ಮಶೀನ್ ಬಂದಾಗ ಅದನ್ನು ನಡೆಸುವ ಹುಡುಗರಿಗೆ ಕಲಿಸಿ ಬಂದರು. ಅರ್ಧ ಕಲಿಸಲಿಲ್ಲ, ಪೂರ್ತಿ ಕಲಿಸಿದರು.

ಅರಳೀಕಟ್ಟೆ
ಅರ್ಧ ಕೆಟಿ ಕೊಡಿ ಅನ್ನುವುದು ತಪ್ಪು ಸಲಹೆ. ಇದು ಬಾವಿಯ ಒತ್ತಡದ ಲೆಕ್ಕ. ಅರ್ಧ ಹೇಳಿದರೆ ನಾಳೆ ಸೈಟ್‌ನಲ್ಲಿ ನಿಂತವನಿಗೆ ತೊಂದರೆ. 2010ರಲ್ಲಿ ಡೀಪ್‌ವಾಟರ್ ಹೊರೈಜನ್ ಅನ್ನುವ ಸಮುದ್ರದ ರಿಗ್‌ನಲ್ಲಿ 11 ಜನ ಸತ್ತರು. ಅಲ್ಲಿ ಒತ್ತಡದ ಪರೀಕ್ಷೆಯ ಫಲಿತಾಂಶವನ್ನು ತಪ್ಪಾಗಿ ಓದಿದ್ದೂ ಒಂದು ಕಾರಣ. ಸಿಟ್ಟನ್ನು ಕಂಪನಿಯ ಮೇಲೆ ತೋರಿಸಿ, ಲೆಕ್ಕದ ಮೇಲೆ ಬೇಡ.

ರಿಗ್_ರಾಯರು
ಅದು ಸರಿ. ಆ ಮಾತು ವಾಪಸ್ ತೆಗೆದುಕೊಂಡೆ. ರಿಗ್ ಮೇಲೆ ನಿಂತವನಾಗಿ ನಾನು ಅದನ್ನು ಹೇಳಬಾರದಿತ್ತು.

ಗುಬ್ಬಿಗೂಡು
ಕೇಟಿ ಸರ್, ವೀಸಾ ಕಡೆ ಗಮನ ಕೊಡಿ. ನೋಟಿಸ್ ಕೊಟ್ಟ ದಿನದಿಂದ ಈ ದೇಶದಲ್ಲಿ ಇರಲು 60 ದಿನ ಅಷ್ಟೇ ಸಿಗುವುದು.

ಮಂಡ್ಯದವಳು
ತಪ್ಪು. ನೋಟಿಸ್ ದಿನದಿಂದ ಅಲ್ಲ, ಕೆಲಸದ ಕೊನೆಯ ದಿನದಿಂದ. ಸಾಮಾನ್ಯವಾಗಿ ಸಂಬಳ ಯಾವ ದಿನದವರೆಗೆ ಕೊಟ್ಟಿದ್ದಾರೋ ಅದನ್ನು ಕೊನೆಯ ದಿನ ಅಂತ ನೋಡುತ್ತಾರೆ. ಅಲ್ಲಿಂದ 60 ದಿನ, ಅಥವಾ ನಿಮ್ಮ ಐ-94 (ಇಲ್ಲಿ ಇರಲು ಕೊಟ್ಟ ಅನುಮತಿ) ಮುಗಿಯುವ ದಿನ, ಯಾವುದು ಮೊದಲೋ ಅದು. ಅಷ್ಟರೊಳಗೆ ಹೊಸ ಕಂಪನಿಯವರು ಅರ್ಜಿ ಹಾಕಿದರೆ ಸಾಕು, ಹಾಕಿದ ಮೇಲೆ ಕೆಲಸ ಶುರು ಮಾಡಬಹುದು. ಆಗಲಿಲ್ಲ ಅಂದರೆ ಆ 60 ದಿನದ ಒಳಗೇ ಬಿ-2ಗೆ, ಅಂದರೆ ಪ್ರವಾಸಿಯಾಗಿ ಇರಲು, ಬದಲಾಯಿಸಲು ಅರ್ಜಿ ಹಾಕಬೇಕು.

ನಾನು 2020ರ ಜೂನ್‌ನಲ್ಲಿ ಕೆಲಸ ಕಳೆದುಕೊಂಡವಳು. ಆಗ ನನಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. ಅದಕ್ಕೇ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಐ-140 ಒಪ್ಪಿಗೆ ಆಗಿ 180 ದಿನ ದಾಟಿದ್ದರೆ ಹಳೆ ಕಂಪನಿ ಹಿಂತೆಗೆದುಕೊಂಡರೂ ಅದು ರದ್ದಾಗುವುದಿಲ್ಲ. ನಿಮ್ಮ 2015ರ ಡೇಟ್ ನಿಮ್ಮದೇ. ಹೊಸ ಕಂಪನಿ ಪರ್ಮ್ (ಗ್ರೀನ್ ಕಾರ್ಡ್‌ನ ಮೊದಲ ಹಂತ) ಮತ್ತೆ ಮಾಡಬೇಕು, ಆದರೆ ಸಾಲಿನಲ್ಲಿ ನಿಮ್ಮ ಜಾಗ ಹೋಗುವುದಿಲ್ಲ. ಐ-140 ಒಪ್ಪಿಗೆ ಪತ್ರದ ಕಾಪಿ ನಿಮ್ಮ ಹತ್ತಿರ ಇದೆಯಾ? ಇಲ್ಲದಿದ್ದರೆ ನಾಳೆಯೇ ಕಂಪನಿಯ ವಕೀಲರಿಗೆ ಮೇಲ್ ಹಾಕಿ. ಲ್ಯಾಪ್‌ಟಾಪ್ ಕಿತ್ತುಕೊಂಡ ಮೇಲೆ ಕೇಳಿದರೆ ವಾರಗಟ್ಟಲೆ ಆಗುತ್ತದೆ.

ಈ ಹೊತ್ತಿನಲ್ಲಿ ದೇಶ ಬಿಟ್ಟು ಹೊರಗೆ ಹೋಗುವ ಮುಂಚೆ ವಕೀಲರನ್ನು ಕೇಳಿ. 2025ರ ಸೆಪ್ಟೆಂಬರ್ 21ರ ನಂತರ ಹೊರಗಿರುವವರಿಗೆ ಹಾಕುವ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಬಂದಿದೆ. ಇಲ್ಲೇ ಇದ್ದು ಕಂಪನಿ ಬದಲಾಯಿಸುವವರಿಗೆ ಅದು ಇಲ್ಲ.

ನಿಮಗೆ 40 ದಾಟಿದ್ದರೆ ಇನ್ನೊಂದು. ಕೆಲಸ ಬಿಡಿಸುವಾಗ ಕೊಡುವ ಪ್ಯಾಕೇಜ್ ಪತ್ರಕ್ಕೆ ಅಲ್ಲೇ ಸೈನ್ ಹಾಕಬೇಡಿ. ಗುಂಪಾಗಿ ತೆಗೆಯುವಾಗ ಯೋಚಿಸಲು 45 ದಿನ ಕೊಡಬೇಕು ಅಂತ ಕಾನೂನಿದೆ. ಸೈನ್ ಹಾಕಿದ ಮೇಲೂ 7 ದಿನದೊಳಗೆ ವಾಪಸ್ ತೆಗೆದುಕೊಳ್ಳಬಹುದು. ಯಾವ ಹುದ್ದೆಯ, ಯಾವ ವಯಸ್ಸಿನವರನ್ನು ತೆಗೆದರು, ಯಾರನ್ನು ಉಳಿಸಿದರು ಅನ್ನುವ ಪಟ್ಟಿಯನ್ನೂ ಜೊತೆಗೆ ಕೊಡಬೇಕು. ಹೆಸರು ಇರುವುದಿಲ್ಲ, ವಯಸ್ಸು ಇರುತ್ತದೆ. ಆ ಪಟ್ಟಿಯನ್ನು ಕೂತು ಓದಿ.

ಇನ್ಶೂರೆನ್ಸ್‌ಗೆ ಕೋಬ್ರಾ ಇದೆ, ಅಂದರೆ ಕೆಲಸ ಹೋದರೂ ಹಳೆ ಕಂಪನಿಯ ಆರೋಗ್ಯ ವಿಮೆ ಮುಂದುವರಿಸುವ ಕಾನೂನು, ಸಾಮಾನ್ಯವಾಗಿ 18 ತಿಂಗಳು. ಪೂರ್ತಿ ಪ್ರೀಮಿಯಂ ನಾವೇ ಕಟ್ಟಬೇಕು, ದುಬಾರಿ. ಬೇಕೋ ಬೇಡವೋ ಹೇಳಲು 60 ದಿನ ಸಿಗುತ್ತದೆ. ಆಮೇಲೆ ಕಟ್ಟಿದರೂ ಹಿಂದಿನ ದಿನಗಳಿಗೆ ಅನ್ವಯ ಆಗುತ್ತದೆ. ನಮ್ಮ ಮಗನ ಕೈ ಮುರಿದದ್ದು ಆ 60 ದಿನದಲ್ಲೇ. ಇದು ಗೊತ್ತಿದ್ದರಿಂದ ಬಚಾವಾದೆವು.

ಕೇಟಿ_ನಿವಾಸಿ
ಅಕ್ಕಾ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಐ-140 ಕಾಪಿ ನನ್ನ ಹತ್ತಿರ ಇಲ್ಲ. ಈಗಲೇ ಮೇಲ್ ಹಾಕಿದೆ. ನನಗೆ 46.

ತುಂಗಾತೀರ
ವಾರ್ನ್ ನೋಟಿಸ್ ನೋಡುತ್ತಿರಿ. 50 ಜನರನ್ನು ತೆಗೆದರೆ 60 ದಿನ ಮೊದಲು ಸರ್ಕಾರಕ್ಕೆ ತಿಳಿಸಲೇಬೇಕು. ಟೆಕ್ಸಸ್ ವರ್ಕ್‌ಫೋರ್ಸ್ ಕಮಿಷನ್ ಸೈಟ್‌ನಲ್ಲಿ ಪಟ್ಟಿ ಹಾಕುತ್ತಾರೆ.

ಲೆಕ್ಕದ_ಮೇಷ್ಟ್ರು
50 ಅಷ್ಟೇ ಸಾಲದು. ಆಫೀಸು ಮುಚ್ಚದೆ ಜನ ಮಾತ್ರ ತೆಗೆದರೆ, ಆ ಜಾಗದ ಮೂರನೇ ಒಂದು ಭಾಗ ಜನ ಆಗಿರಬೇಕು, ಇಲ್ಲವೇ 500 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಅದಕ್ಕೇ ಕೆಲವರು ಸ್ವಲ್ಪ ಸ್ವಲ್ಪ ತೆಗೆಯುತ್ತಾರೆ. 90 ದಿನದ ಒಳಗಿನದನ್ನು ಒಟ್ಟು ಸೇರಿಸಿ ನೋಡುವ ನಿಯಮವೂ ಇದೆ ಅನ್ನಿ.

ಕಡಲತಡಿ
ನಿಮ್ಮಲ್ಲಿ ಇಷ್ಟಾದರೂ ಕಾನೂನು ಉಂಟು ಮಾರಾಯ್ರೇ. ನಾನು ಸುರತ್ಕಲ್‌ನವ, ಗಲ್ಫ್‌ನಲ್ಲಿ ಒಂದು ಡ್ರಿಲ್ಲಿಂಗ್ ಕಾಂಟ್ರಾಕ್ಟರ್ ಹತ್ತಿರ ಇದ್ದೆ. 2016ರಲ್ಲಿ ರಜೆಗೆ ಊರಿಗೆ ಬಂದಿದ್ದೆ. ವಾಪಸ್ ಬರುವುದು ಬೇಡ ಅಂತ ಫೋನ್ ಬಂತು. ರೂಮಿನಲ್ಲಿದ್ದ ನನ್ನ ಸಾಮಾನನ್ನು ರೂಮ್‌ಮೇಟ್ ಪೆಟ್ಟಿಗೆ ಕಟ್ಟಿ ಬೇರೆಯವರ ಕೈಯಲ್ಲಿ ಕಳಿಸಿದ.

ಮಗುವಿನ_ಅಮ್ಮ
ನಾನು ಈ ಕಂಪನಿಯಲ್ಲಿ ಕೆಲಸ ಮಾಡುವವಳಲ್ಲ. ನನ್ನ ಗಂಡ ಮಾಡುತ್ತಾರೆ. ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಆಗಸ್ಟ್‌ನಿಂದ ನಮ್ಮ ಮನೆಯಲ್ಲಿ ಮಾತಿಲ್ಲ. ಜಗಳ ಏನಿಲ್ಲ. ರಾತ್ರಿ ಮೂರಕ್ಕೆ ಎದ್ದು ಆಫೀಸಿನ ಚಾಟ್ ಆ್ಯಪ್ ಟೀಮ್ಸ್ ನೋಡುತ್ತಾರೆ. ಮ್ಯಾನೇಜರ್ ಹೆಸರಿನ ಮುಂದೆ ಹಸಿರು ಚುಕ್ಕೆ ಇದೆಯಾ ಅಂತ ನೋಡುತ್ತಾರಂತೆ. ಮಗಳ ಭರತನಾಟ್ಯದ ಫೀ ಕಟ್ಟೋಣ ಅಂದರೆ "ಈ ತಿಂಗಳು ನೋಡೋಣ" ಅನ್ನುತ್ತಾರೆ. ಪರ್‌ಲ್ಯಾಂಡ್‌ನ ಮೀನಾಕ್ಷಿ ಗುಡಿಗೆ ಹೋಗೋಣ ಅಂದರೆ "ಅಲ್ಲಿ ಆಫೀಸಿನವರು ಸಿಗುತ್ತಾರೆ" ಅನ್ನುತ್ತಾರೆ. ಕೆಲಸ ಹೋದರೆ ಹೋಗಲಿ, ಊರಿಗೆ ಹೋಗೋಣ, ಹಾಸನದಲ್ಲಿ ಮನೆ ಇದೆ ಅಂತ ನಾನೇ ಹೇಳಿದೆ. ಆದರೆ ಹೋಗುತ್ತದೋ ಇರುತ್ತದೋ ಅಂತ ಗೊತ್ತಿಲ್ಲದೆ ನಾಲ್ಕು ತಿಂಗಳು ಇರುವುದು ಇದೆಯಲ್ಲ, ಅದು ಮನುಷ್ಯನನ್ನು ತಿಂದು ಹಾಕುತ್ತದೆ. ಒಂದು ತಾರೀಖು ಹೇಳಿ ಅದಕ್ಕೆ ನಿಲ್ಲಲು ಏನು ಕಷ್ಟ ಇವರಿಗೆ?

ನಿವೃತ್ತ_ಭೂವಿಜ್ಞಾನಿ
ತಾಯಿ, ನೀವು ಹೇಳಿದ್ದೇ ಸರಿ. ಆ ಆರು ಜನರಿಗೆ ಸುದ್ದಿ ಹೇಳಿದಾಗ ಒಬ್ಬ "ಸದ್ಯ, ಇವತ್ತು ನಿದ್ದೆ ಬರುತ್ತೆ" ಅಂದ. ಅವನ ಹೆಸರು ಮೂರು ವಾರ ಮೊದಲೇ ನನಗೆ ಗೊತ್ತಿತ್ತು. ಹೇಳಬಾರದು ಅಂತ ಮೇಲಿನವರ ಆದೇಶ ಇತ್ತು. ಹೇಳಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ.

ಮೆಮೋರಿಯಲ್_ಮೂರ್ತಿ
ಅಮ್ಮ, ನಿಮ್ಮ ಯಜಮಾನರಿಗೆ ಸಂಜೆ ವಾಕಿಂಗ್ ಜೊತೆ ಬೇಕಿದ್ದರೆ ಹೇಳಿ. ನಾವು ನಾಲ್ಕು ಜನ ಟೆರ್ರಿ ಹರ್ಷೀ ಪಾರ್ಕ್‌ನಲ್ಲಿ ನಡೆಯುತ್ತೇವೆ. ಆಫೀಸಿನ ಮಾತು ಆಡುವುದಿಲ್ಲ ಅಂತ ಒಪ್ಪಂದ ಇದೆ.

ಹೊಸಬ_ಹುಬ್ಬಳ್ಳಿ
ವಿಷಯ ಬಿಟ್ಟು ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ತಮ್ಮನಿಗೆ ಧನಬಾದ್‌ನಲ್ಲಿ ಪೆಟ್ರೋಲಿಯಂ ಇಂಜಿನಿಯರಿಂಗ್ ಸೀಟು ಸಿಗಬಹುದು. ಇದನ್ನೆಲ್ಲ ಓದಿ ಭಯ ಆಗಿದೆ. ಸೇರಬಹುದಾ?

ರಿಗ್_ರಾಯರು
ಕೆಮಿಕಲ್ ಅಥವಾ ಮೆಕ್ಯಾನಿಕಲ್ ಸಿಕ್ಕರೆ ಅದಕ್ಕೆ ಹೋಗಲಿ. ಅದರಿಂದ ತೈಲಕ್ಕೂ ಬರಬಹುದು, ಬೇರೆ ಕಡೆಗೂ ಹೋಗಬಹುದು.

ಅರಳೀಕಟ್ಟೆ
ನಾನು ಒಪ್ಪುವುದಿಲ್ಲ. ನೆಲ ಕೊರೆಯುವ ವಿದ್ಯೆ ಎಲ್ಲೂ ಹೋಗುವುದಿಲ್ಲ. ಯೂಟಾದಲ್ಲಿ ಫೆರ್ವೋ ಎನರ್ಜಿಯವರು ಭೂಮಿಯ ಬಿಸಿಯಿಂದ ಕರೆಂಟ್ ಮಾಡಲು ಕೊರೆಯುತ್ತಿದ್ದಾರೆ. ಶೇಲ್ ಕಲ್ಲಿನ ತೈಲ ಬಾವಿಗೆ ಬಳಸುವ ಅಡ್ಡ ಕೊರೆತವೇ ಅಲ್ಲೂ. ಹುಡುಗನಿಗೆ ಆಸೆ ಇದ್ದರೆ ತಡೆಯಬೇಡಿ.

ಯಲಹಂಕ_ಹುಡುಗಿ
ಬೆಂಗಳೂರಿನಲ್ಲಿ ಪರ್ಮನೆಂಟ್ ಇರುವವರನ್ನು ತೆಗೆದರೆ ಏನು ಸಿಗುತ್ತದೆ ಅಂತ ಯಾರಿಗಾದರೂ ಗೊತ್ತಾ? ನನ್ನ ಸ್ನೇಹಿತೆಗೆ "ರಾಜೀನಾಮೆ ಕೊಡಿ, ಎರಡು ತಿಂಗಳ ಸಂಬಳ ಕೊಡುತ್ತೇವೆ" ಅಂದಿದ್ದಾರೆ.

ಗುಬ್ಬಿಗೂಡು
1947ರ ಕೈಗಾರಿಕಾ ವಿವಾದ ಕಾಯ್ದೆ ಪ್ರಕಾರ ಕೆಲಸ ಮಾಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ.

ವಕೀಲರ_ಮಗಳು
ಆ ಕಾಯ್ದೆ ಈಗಿಲ್ಲ. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಅನ್ನುವ ಹೊಸ ಕಾನೂನು ಜಾರಿಗೆ ಬಂದಿದೆ. ವರ್ಷಕ್ಕೆ 15 ದಿನದ ಸಂಬಳ ಅನ್ನುವುದು ಹಾಗೇ ಉಳಿದಿದೆ. ಜೊತೆಗೆ ಹೊಸ ಕೌಶಲ ಕಲಿಯಲು ಇನ್ನೊಂದು 15 ದಿನದ ಸಂಬಳ ಕೊಡಬೇಕು ಅಂತ ಸೇರಿಸಿದ್ದಾರೆ. ಆದರೆ ಇದೆಲ್ಲ "ಕಾರ್ಮಿಕ" ಅನ್ನಿಸಿಕೊಂಡವರಿಗೆ. ಮ್ಯಾನೇಜರ್ ಕೆಲಸ ಮಾಡುವವರು ಅದರಲ್ಲಿ ಬರುವುದಿಲ್ಲ. ಮೇಲ್ವಿಚಾರಣೆ ಮಾಡುತ್ತಾ 18,000 ರೂಪಾಯಿಗಿಂತ ಜಾಸ್ತಿ ಸಂಬಳ ಇರುವವರೂ ಬರುವುದಿಲ್ಲ. ಕಾರ್ಡ್ ಮೇಲೆ "ಲೀಡ್" ಅಂತ ಇದ್ದ ಮಾತ್ರಕ್ಕೆ ಮ್ಯಾನೇಜರ್ ಆಗುವುದಿಲ್ಲ, ನಿಜವಾಗಿ ಮಾಡುವ ಕೆಲಸ ಏನು ಅನ್ನುವುದು ಮುಖ್ಯ.

ಮುಖ್ಯವಾದ ಮಾತು: ರಾಜೀನಾಮೆ ಬರೆದುಕೊಟ್ಟರೆ ಈ ಪರಿಹಾರ ಸಿಗುವುದಿಲ್ಲ. ನೀವೇ ಬಿಟ್ಟಂತೆ ಆಗುತ್ತದೆ. ಅದಕ್ಕೇ ಎಲ್ಲರೂ ರಾಜೀನಾಮೆ ಕೇಳುವುದು. ನಿಮ್ಮ ಸ್ನೇಹಿತೆ ಆ ಕೋಣೆಯಲ್ಲಿ ಸೈನ್ ಹಾಕಬಾರದು. "ಮನೆಯಲ್ಲಿ ಕೇಳಿ ಹೇಳುತ್ತೇನೆ" ಅಂತ ಎದ್ದು ಬರಲಿ. ಏನು ಹೇಳಿದರೋ ಅದನ್ನು ಅವತ್ತೇ ಮೇಲ್‌ನಲ್ಲಿ ಬರೆದು ಕಳಿಸಲಿ. ಕರ್ನಾಟಕದಲ್ಲಿ ಐಟಿ ನೌಕರರ ಸಂಘ ಕಿಟು ಇದೆ, ಅವರನ್ನು ಕೇಳಬಹುದು.

ಯಲಹಂಕ_ಹುಡುಗಿ
ಅವಳು ನಿನ್ನೆಯೇ ಸೈನ್ ಹಾಕಿದಳಂತೆ. ಈಗ ಫೋನ್ ಮಾಡಿದೆ.

ವಕೀಲರ_ಮಗಳು
ಪತ್ರದ ಕಾಪಿ ಇಟ್ಟುಕೊಳ್ಳಲಿ. ಒತ್ತಾಯದಿಂದ ಸೈನ್ ಹಾಕಿಸಿದರು ಅಂತ ತಕ್ಷಣ ಬರೆದರೆ ವಾದ ಮಾಡಲು ಆಧಾರ ಇರುತ್ತದೆ. ತಡ ಆದಷ್ಟೂ ಕಷ್ಟ. ನನಗೆ ಮೆಸೇಜ್ ಮಾಡಲು ಹೇಳಿ.

ಕೇಟಿ_ನಿವಾಸಿ
ನಾಲ್ಕು ದಿನ ಬರೆಯಲಿಲ್ಲ. ಬುಧವಾರ ಎಲ್ಲರ ಮೀಟಿಂಗ್ ಇತ್ತು. ಜನವರಿ ಅಲ್ಲ, ಈಗ "ಮೊದಲ ತ್ರೈಮಾಸಿಕ" ಅಂದರು. ಅಂದರೆ ಮಾರ್ಚ್ 31ರವರೆಗೆ ಯಾವಾಗ ಬೇಕಾದರೂ ಆಗಬಹುದು. ಪ್ರಶ್ನೆ ಕೇಳಲು ಐದು ನಿಮಿಷ ಕೊಟ್ಟರು. ಒಬ್ಬರು ತಾರೀಖು ಕೇಳಿದರು. "ಒಳ್ಳೆಯ ಪ್ರಶ್ನೆ" ಅಂತ ಹೇಳಿ ಮುಂದಿನವರನ್ನು ಕರೆದರು.

ಇನ್ನೊಂದು ವಿಷಯ. ನಿನ್ನೆ ಕೆಟಿ ಮುಗಿದ ಮೇಲೆ ದಾವಣಗೆರೆ ಹುಡುಗ ಕಾಲ್ ಕಟ್ ಮಾಡಲಿಲ್ಲ. "ಸರ್, ನಿಮ್ಮನ್ನು ಒಂದು ಕೇಳಲಾ" ಅಂದ. ಅವನ ಕಾಂಟ್ರಾಕ್ಟ್ ಮಾರ್ಚ್‌ಗೆ ಮುಗಿಯುತ್ತದಂತೆ. ಮುಂದುವರಿಸುತ್ತಾರಾ ಅಂತ ನನ್ನನ್ನು ಕೇಳುತ್ತಿದ್ದಾನೆ. ಹ್ಯೂಸ್ಟನ್‌ನವರಿಗೆ ಎಲ್ಲ ಗೊತ್ತಿರುತ್ತದೆ ಅಂತ ಅಲ್ಲಿ ಅಂದುಕೊಂಡಿದ್ದಾರೆ. ನನಗೂ ಗೊತ್ತಿಲ್ಲ ಮಗಾ, ನನ್ನದೇ ಗೊತ್ತಿಲ್ಲ ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಆಮೇಲೆ ಉಳಿದಿದ್ದ ಎರಡು ಬಾವಿಗಳ ಲೆಕ್ಕವನ್ನೂ ತೋರಿಸಿದೆ. ಶೆಡ್ಯೂಲ್‌ನಲ್ಲಿ ಅದು ಮುಂದಿನ ವಾರಕ್ಕೆ ಇತ್ತು.

ಅತ್ತೆ ಮಾವನಿಗೆ ಫೋನ್ ಮಾಡಿ ಹೇಳಿದೆ. ಮಾವ "ಟಿಕೆಟ್ ಕ್ಯಾನ್ಸಲ್ ಮಾಡಲ್ಲ, ಆ ಹೊತ್ತಿಗೆ ನಾವು ಅಲ್ಲಿದ್ದರೇ ಒಳ್ಳೆಯದು" ಅಂದರು.

ಮಂಡ್ಯದವಳು
ಐ-140 ಕಾಪಿ ಬಂತಾ?

ಕೇಟಿ_ನಿವಾಸಿ
ಇನ್ನೂ ಇಲ್ಲ ಅಕ್ಕಾ. ಸೋಮವಾರ ಮತ್ತೆ ಕೇಳುತ್ತೇನೆ.

ಮಂಡ್ಯದವಳು
ಸೋಮವಾರದವರೆಗೆ ಕಾಯಬೇಡಿ. ಇವತ್ತೇ ಫೋನ್ ಮಾಡಿ, ಅವರ ಆಫೀಸು ಐದರವರೆಗೆ ತೆರೆದಿರುತ್ತದೆ.

ಯಲಹಂಕ_ಹುಡುಗಿ
ಕೇಟಿ ಸರ್, ಆ ದಾವಣಗೆರೆ ಹುಡುಗನ ಬಯೋಡೇಟಾ ನನಗೆ ಕಳಿಸಲು ಹೇಳಿ. ನಮ್ಮ ಫ್ಲೋರ್‌ನಲ್ಲಿ ಒಂದು ಪರ್ಮನೆಂಟ್ ಜಾಗ ತೆರೆದಿದೆ, ಶುಕ್ರವಾರದವರೆಗೆ ಹಾಕಬಹುದು.